ಬುಡಕ್ಕೆ ಒಂದು ಬಿಂದಿಗೆ ನೀರು

ಅಟೆಂಡರು ಬೀಗ ತೆಗೆದು ಬಾಗಿಲು ತಳ್ಳಿದ್ದೇ ತಡ, ಮೊದಲು ಫಾರ್ಮಲಿನ್ ವಾಸನೆ ಬಂತು, ಅದರ ಬೆನ್ನಿಗೇ ಕೊಬ್ಬರಿಯ ವಾಸನೆ. ಒಂದು ಸತ್ತ ಕಪ್ಪೆ ಕೆಡದಂತೆ ಕಾಯುವುದು, ಇನ್ನೊಂದು ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಬೀಳುವುದು. ಇವೆರಡೂ ಒಟ್ಟಿಗೆ ಮೂಗಿಗೆ ಬರುವ ಜಾಗ ನನ್ನ ಪಾಲಿಗೆ ಇದೊಂದೇ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. "ಬನ್ನಿ ಮೇಡಂ, ಫ್ಯಾನ್ ಹಾಕ್ತೀನಿ, ವಾಸ್ನೆ ಹೋಗ್ತದೆ" ಎಂದ ಅಟೆಂಡರು. ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬಿ.ಎಸ್ಸಿ ಹುಡುಗರ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ವಿಶ್ವವಿದ್ಯಾಲಯ ನನ್ನನ್ನು ಅಲ್ಲಿಗೆ ಹಾಕಿತ್ತು. ಅಲ್ಲಿದ್ದವರು ಯಾರೂ ನನ್ನನ್ನು ಕಂಡವರಲ್ಲ. ಇದೇ ಲ್ಯಾಬಿನಲ್ಲಿ ನಾನು ಒಂದು ವರ್ಷ ಇದ್ದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ಕಾಫಿ ತರಿಸುತ್ತಾರೆ, 'ಓಹೋ ಹೌದಾ' ಅನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಆ ವರ್ಷವನ್ನು ಒಂದು 'ಓಹೋ'ಗೆ ಕೊಟ್ಟುಬಿಡಲು ನನಗೆ ಮನಸ್ಸಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ತೆಂಗಿಗೆ ನುಸಿ ಬಂದ ಹೊಸತು. ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು, ಊರಾಚೆ ತೋಟಗಳ ನಡುವೆ ಕಾಲೇಜು. ಅಲ್ಲಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಪಿಎಚ್.ಡಿ ಮಾಡಲು ರಜೆ ಹಾಕಿ ಹೋಗಿದ್ದರು. ಅವರು ಬರುವ ತನಕ ಎಂಬ ಷರತ್ತಿನ ಮೇಲೆ ನನಗೆ ಕೆಲಸ ಸಿಕ್ಕಿತು. ಅಮ್ಮ ಹೋದ ಮೇಲೆ ಮೈಸೂರಿನಲ್ಲಿ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ನೆಂಟಳಂತೆ ಬದುಕುವುದು ಸಾಕಾಗಿತ್ತು. ಷರತ್ತನ್ನು ಸರಿಯಾಗಿ ಓದದೆಯೇ ಪೆಟ್ಟಿಗೆ ಕಟ್ಟಿದೆ.

ಕೊಬ್ಬರಿ ವ್ಯಾಪಾರಿಯೊಬ್ಬರ ಮಹಡಿಯ ಮೇಲೆ ಬಾಡಿಗೆ ಕೋಣೆ ಸಿಕ್ಕಿತು. ಕೆಳಗೆ ದಿನವಿಡೀ ಕಾಯಿ ಸುಲಿಯುವ, ಚಿಪ್ಪು ಬಿಡಿಸುವ ಸದ್ದು, ಹೆಂಗಸರ ಮಾತು, ನಗು. ನಾನು ಮೆಟ್ಟಿಲಿಳಿದರೆ ನಗು ನಿಂತುಹೋಗುತ್ತಿತ್ತು. "ಕಾಲೇಜಿಗೆ ಹೊಂಟ್ರಾ ಮೇಡಮ್ಮೋರೆ?" ಎಂದು ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದರು. ಅವರು ಕೊಟ್ಟದ್ದು ಮರ್ಯಾದೆ, ನನಗೆ ಬೇಕಿದ್ದದ್ದು ಮಾತು. ಹತ್ತಿರ ಬಂದವರು ಕೇಳುತ್ತಿದ್ದದ್ದು ಒಂದೇ: "ಯಾಕೆ ಮದ್ವೆ ಮಾಡ್ಕಂಡಿಲ್ಲ?" ಅದಕ್ಕೆ ಉತ್ತರವಿಲ್ಲವೆಂದು ಗೊತ್ತಾದ ಮೇಲೆ ಅವರಿಗೂ ಕೇಳಲು ಬೇರೆ ಏನೂ ಇರಲಿಲ್ಲ.

ಶನಿವಾರ ಕಾಲೇಜು ಬಿಟ್ಟರೆ ಸೋಮವಾರ ಬೆಳಗಿನ ತನಕ ನಾನು ಬಾಯಿ ತೆರೆಯಲು ಕಾರಣವೇ ಇರುತ್ತಿರಲಿಲ್ಲ. ಸೋಮವಾರದ ಮೊದಲ ತರಗತಿಯಲ್ಲಿ ಹಾಜರಿ ಕರೆಯಲು ಹೋದರೆ ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ. ಒಂದೆರಡು ಸಲ ಕೆಮ್ಮಿ, ಸರಿಮಾಡಿಕೊಂಡು ಶುರುಮಾಡಬೇಕಿತ್ತು. ಹುಡುಗರು 'ಮೇಡಂಗೆ ಪ್ರತೀ ಸೋಮವಾರ ಶೀತ' ಎಂದು ಆಡಿಕೊಳ್ಳುತ್ತಿದ್ದರಂತೆ. ಅದು ಶೀತವಲ್ಲ, ಒಂಟಿತನ. ಈಗ ಹೇಳಿಬಿಡುತ್ತೇನೆ, ಆಗ ಹೇಳಲು ಯಾರಿದ್ದರು?

ಲ್ಯಾಬು ಅಂದರೆ ಹೆಸರಿಗೆ ಲ್ಯಾಬು. ಸಿಂಕುಗಳು ಕಟ್ಟಿಕೊಂಡಿದ್ದವು, ನಲ್ಲಿಯಲ್ಲಿ ನೀರಿನ ಬದಲು ಜೇಡ ಇಳಿಯುತ್ತಿತ್ತು. ಮೇಜುಗಳ ಕಾಲು ಗೆದ್ದಲಿನ ಪಾಲಾಗಿತ್ತು. ಬೀರುವಿನ ಬಾಟಲಿಗಳಲ್ಲಿ ಫಾರ್ಮಲಿನ್ ಅರ್ಧಕ್ಕೆ ಆರಿ, ಹಾವು ಹಲ್ಲಿಗಳೆಲ್ಲ ಸೊಂಟದ ತನಕ ಒಣಗಿ ನಿಂತಿದ್ದವು. ಒಂದು ಅಸ್ಥಿಪಂಜರಕ್ಕೆ ಬಲಗೈ ಇರಲಿಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ, ಕೋಣೆಯ ಅಟ್ಟದ ತುಂಬ, ಅರ್ಧ ನೆಲದ ತುಂಬ ತೆಂಗಿನಕಾಯಿ. ಕಾಲೇಜಿಗೆ ಸೇರಿದ ತೋಟದ ಕಾಯಿಗಳನ್ನು ಸುಲಿಯದೆ ಅಲ್ಲಿ ಪೇರಿಸಿ, ವರ್ಷಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುತ್ತಿದ್ದರು. ಆ ಸೀಮೆಯಲ್ಲಿ ಕೊಬ್ಬರಿ ಆಗುವುದೇ ಹಾಗೆ, ಅಟ್ಟದ ಮೇಲೆ ಕತ್ತಲಲ್ಲಿ, ಯಾರೂ ಮುಟ್ಟದೆ. ಹುಡುಗರು ಉಳಿದ ಅರ್ಧ ಜಾಗದಲ್ಲಿ ನಿಂತು ಪುಸ್ತಕದ ಚಿತ್ರ ನೋಡಿ ಜರ್ನಲ್ಲಿಗೆ ಇಳಿಸಿ ಪಾಸಾಗುತ್ತಿದ್ದರು.

ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ, ಲ್ಯಾಬು ಸರಿಮಾಡಿಸಿಕೊಡಿ, ಹುಡುಗರಿಂದ ಸಣ್ಣದಾದರೂ ಒಂದು ಸಂಶೋಧನೆ ಮಾಡಿಸುತ್ತೇನೆ ಎಂದೆ. ಇತಿಹಾಸ ಓದಿದ ನಂಜುಂಡಪ್ಪನವರು ಒಳ್ಳೆಯವರು, ಆದರೆ ಏನನ್ನೂ ನಂಬುವ ಪೈಕಿ ಅಲ್ಲ.

"ಅಲ್ಲಾ ಕಣ್ರೀ ಮೇಡಂ, ನಮ್ ಹುಡುಗ್ರು ಪಾಸಾದ್ರೆ ಸಾಕು. ಸಂಶೋಧ್ನೆ ಗಿಂಶೋಧ್ನೆ ಯಾಕೆ? ನೀವು ಬೇರೆ ಇವತ್ತಿದ್ದು ನಾಳೆ ಹೋಗೋರು."

"ಇರೋ ತನಕ ಮಾಡ್ತೀನಿ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. "ಆ ಕೋಣೆ ಮ್ಯಾಲೆ ಕಂಪ್ಯೂಟರ್ ಕೋರ್ಸ್‌ನೋರ ಕಣ್ಣು ಬಿದ್ದದೆ. ಕಾಲೇಜು ಕಮಿಟಿ ಅಧ್ಯಕ್ಷರೂ ಹೂಂ ಅಂದವ್ರೆ. ನಿಮ್ಗೋಸ್ಕರ ಒಂದ್ ಮಾತು ಹೇಳ್ತೀನಿ. ದೀಪಾವಳಿ ಕಳೀಲಿ, ಅಧ್ಯಕ್ಷರನ್ನ ಕರ್ಕಂಡು ಬತ್ತೀನಿ. ಏನಾರ ಕೆಲ್ಸ ನಡೀತಿದ್ರೆ ಕೋಣೆ ನಿಮ್ದು. ಇಲ್ದಿದ್ರೆ ಕಂಪ್ಯೂಟರ್ನೋರ್ದು."

ಹುಡುಗರ ಭವಿಷ್ಯ, ವಿಜ್ಞಾನದ ಏಳಿಗೆ ಎಂದೆಲ್ಲ ನಾನು ಅಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ನಿಜವಾದ ಮಾತೆಂದರೆ, ಆ ಊರಿನಲ್ಲಿ ನನಗೆ ಹೋಗಿ ಕೂರಲು ಇನ್ನೊಂದು ಜಾಗವಿರಲಿಲ್ಲ. ಆ ಕೋಣೆಯೂ ಹೋದರೆ ಸ್ಟಾಫ್ ರೂಮಿನ ಕಿಟಕಿ ಪಕ್ಕದ ಕುರ್ಚಿ, ಸಂಜೆಗೆ ಮಹಡಿಯ ಮೇಲಿನ ಮಂಚ. ಅಷ್ಟೇ.

ಅಲ್ಲಿಯ ಮುಂಗಾರು ಸುರಿಯುವುದಿಲ್ಲ, ಮೋಡ ತೋರಿಸಿ ಹೋಗುತ್ತದೆ. ಗಾಳಿಯೇ ಹೆಚ್ಚು, ಹಗಲಿಡೀ ಗರಿಗಳ ಸದ್ದು. ಅಂಥ ಒಂದು ಜುಮುರು ಮಳೆಯ ದಿನ ಹುಡುಗರೆಲ್ಲ ಸಾಲಾಗಿ ನಿಂತು, ಕೈಯಿಂದ ಕೈಗೆ ಕಾಯಿ ದಾಟಿಸಿ ಹಳೇ ಹಾಸ್ಟೆಲ್ಲಿನ ಅಟ್ಟಕ್ಕೆ ಸಾಗಿಸಿದರು. ತೋಟದ ಮನೆಗಳ ಮಕ್ಕಳು, ಹೇಳಿಕೊಡಬೇಕಿರಲಿಲ್ಲ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದಾಗ್ಲೇ ಕೊಬ್ರಿ ಕಣ್ಲಾ, ಇದಿನ್ನೂ ನೀರು" ಎಂದು ಬೇರೆ ಬೇರೆ ಮಾಡುತ್ತಿದ್ದರು. ನಾನು ವರ್ಗೀಕರಣದ ಪಾಠ ಮಾಡುವಾಗ ಅವರಲ್ಲಿ ಅಷ್ಟು ಶ್ರದ್ಧೆ ಕಂಡಿರಲಿಲ್ಲ.

ಬಡಗಿ ಆಚಾರರು ಬಂದು ಮೇಜುಗಳ ಕಾಲು ಕತ್ತರಿಸಿ ಹೊಸದು ಜೋಡಿಸಿದರು. ಮೇಲೆ ಕಡಪ ಕಲ್ಲು ಕೂತಿತು. ನಲ್ಲಿಗೆ ನೀರು ಬಂದ ದಿನ ಹುಡುಗಿಯರು ಸುಮ್ಮನೆ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಆಟವಾಡಿದರು. ಗೋಡೆಗೆ ಸುಣ್ಣ ಹೊಡೆದೆವು. ನಾನು ಒಂದು ಭಾನುವಾರ ಮೈಸೂರಿಗೆ ಹೋಗಿ, ನನ್ನ ಗುರುಗಳ ವಿಭಾಗದಲ್ಲಿ ಮೂಲೆಗೆ ಬಿದ್ದಿದ್ದ ಮೈಕ್ರೋಸ್ಕೋಪೊಂದನ್ನು ಬೇಡಿ ತಂದೆ. ಟವೆಲ್ಲು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರೆ ಕಂಡಕ್ಟರು ಕೇಳಿದ: "ಏನಮ್ಮ ಅದು, ದೇವ್ರಾ?" ಹೂಂ ಎಂದೆ. ಅವನು ಕೈಮುಗಿದು ಮುಂದೆ ಹೋದ. ಆ ಭಾನುವಾರ ಇಡೀ ನಾನಾಡಿದ ಮಾತುಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಸಂಶೋಧನೆಗೆ ವಿಷಯ ನಾನು ಹುಡುಕಬೇಕಾಗಲಿಲ್ಲ. ಬಿಳಿಗೆರೆಯಿಂದ ಬರುತ್ತಿದ್ದ ಶಶಿಕಲಾ ಎಂಬ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು, ಒಂದು ದಿನ ಮೇಜಿನ ಮೇಲೆ ಸುಕ್ಕುಗಟ್ಟಿದ ಒಂದು ಕಾಯಿ ತಂದಿಟ್ಟಳು. ಮುಷ್ಟಿಯಷ್ಟೇ ಗಾತ್ರ, ಮೈಯೆಲ್ಲ ಕಂದು ಬಿರುಕು.

"ನಮ್ ತ್ವಾಟದ್ದು ಮೇಡಂ. ಎಲ್ಲಾ ಹಿಂಗೇ ಆಗ್ತಾ ಅವೆ. ನುಸಿ ಅಂತಾರೆ. ನುಸಿ ಅಂದ್ರೆ ಹೆಂಗಿರ್ತದೆ ಮೇಡಂ? ನಮ್ಮಪ್ಪನೂ ನೋಡಿಲ್ಲ, ಯಾರೂ ನೋಡಿಲ್ಲ."

ಕಣ್ಣಿಗೆ ಕಾಣದ ಹುಳುವದು. ಕಾಯಿ ಇನ್ನೂ ಹರಳಾಗಿರುವಾಗ, ಅಂದರೆ ಲಿಂಬೆ ಗಾತ್ರದ ಎಳೆಗಾಯಿ ಆಗಿರುವಾಗಲೇ, ತೊಟ್ಟಿನ ಮುಚ್ಚಳದ ಕೆಳಗೆ ಸೇರಿ ರಸ ಹೀರುತ್ತದೆ. ಯಾವ ವಯಸ್ಸಿನ ಹರಳಿನಲ್ಲಿ ಅದು ಹೆಚ್ಚು, ಯಾವ ತೋಟದಲ್ಲಿ ಹೆಚ್ಚು, ಇದನ್ನು ನಾವೇ ನೋಡೋಣ ಎಂದೆ. ಹುಡುಗರ ಮುಖ ಅರಳಿತು. ಕಂದಿಕೆರೆಯ ಹುಡುಗ, ಮಾಯಸಂದ್ರದ ಹುಡುಗಿ, ಎಲ್ಲರೂ ತಂತಮ್ಮ ತೋಟದ ಹರಳು ಚೀಲದಲ್ಲಿ ಹೊತ್ತು ತಂದರು. ತೊಟ್ಟು ಬಿಡಿಸಿ, ಮಸೂರದ ಕೆಳಗಿಟ್ಟು, ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದರು.

ಏನೂ ಇರಲಿಲ್ಲ. ಕಂದು ಕಲೆ ಇತ್ತು, ಗಾಯ ಇತ್ತು, ನುಸಿ ಇರಲಿಲ್ಲ.

ಮತ್ತೆ ತರಿಸಿದೆ. ಮತ್ತೆ ಖಾಲಿ. ಬೆಳಕು ಬದಲಿಸಿದೆ, ಬಣ್ಣ ಹಾಕಿ ನೋಡಿದೆ, ಪುಸ್ತಕ ತಿರುವಿದೆ. ತಿಂಗಳು ಉರುಳಿತು. ಊರಿಗೆ ಊರೇ ನುಸಿ ನುಸಿ ಎಂದು ತಲೆಮೇಲೆ ಕೈಹೊತ್ತು ಕೂತಿದ್ದರೆ, ಅದನ್ನು ಹಿಡಿಯಲೆಂದೇ ಕಟ್ಟಿದ ನನ್ನ ಲ್ಯಾಬಿಗೆ ಮಾತ್ರ ಅದು ಬರಲೊಲ್ಲದು. ಹುಡುಗರು ಒಬ್ಬೊಬ್ಬರೇ ಜಾರಿಕೊಂಡರು. "ನಮ್ ಕಡೆ ನುಸೀನೇ ಇಲ್ವೇನೋ ಮೇಡಂ" ಎಂದು ನನ್ನನ್ನು ಸಮಾಧಾನ ಮಾಡಲು ಬಂದವನೊಬ್ಬನನ್ನು ಬೈದು ಕಳಿಸಿದೆ. ದಸರಾ ರಜೆಗೆ ಮುಂಚೆ ಕಂಪ್ಯೂಟರ್‌ನವರು ಟೇಪು ಹಿಡಿದು ಬಂದು, ನಾನು ಅಲ್ಲೇ ಕೂತಿರುವಾಗಲೇ, ನನ್ನ ಕಡಪ ಕಲ್ಲಿನ ಉದ್ದ ಅಗಲ ಅಳೆದುಕೊಂಡು ಹೋದರು. "ಹೊಸ ಮೇಜು ಬೇಕಾಗಾಕಿಲ್ಲ ಬುಡು, ಇವೇ ಚೆನ್ನಾಗವೆ" ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆ ಸಂಜೆ ಕೈಯಿಲ್ಲದ ಅಸ್ಥಿಪಂಜರದ ಎದುರು ಕೂತು ನಾನು ಅತ್ತೆ. ನಾಚಿಕೆಯೇನಿಲ್ಲ. ಅದೂ ಯಾರಿಗೂ ಹೇಳಲಿಲ್ಲ.

ರಜೆಯಲ್ಲಿ ಮೈಸೂರಿಗೆ ಹೋಗಲಿಲ್ಲ. ತೋಟವನ್ನಾದರೂ ನೋಡೋಣವೆಂದು ಬಸ್ಸು ಬದಲಿಸಿ ಬಿಳಿಗೆರೆಗೆ ಹೋದೆ. ಶಶಿಕಲಾ ಗಾಬರಿಯಿಂದ ಓಡಿಬಂದಳು. ಹಿಂಗಾರು ಚೆನ್ನಾಗಿ ಹೊಡೆದಿತ್ತು, ಪಾತಿಗಳಲ್ಲಿ ನೀರು ನಿಂತಿತ್ತು. ಅವಳ ಹಿಂದೆ ನಡೆಯುತ್ತಿದ್ದಾಗ ಅವಳು ಬಗ್ಗಿ, ಕೆಸರಿನಲ್ಲಿ ಬಿದ್ದಿದ್ದ ಒಂದು ಹರಳನ್ನು ಎತ್ತಿ ಲಂಗಕ್ಕೆ ಒರೆಸಿ ನನಗೆ ಕೊಟ್ಟಳು.

"ಇದನ್ನ ತಗಳಿ ಮೇಡಂ, ಇವತ್ತೇ ಬಿದ್ದಿರೋದು."

ನಾನು ನಿಂತೆ. "ಶಶಿ, ಇಷ್ಟು ದಿನ ನೀವೆಲ್ಲ ತಂದಿದ್ದು ಬಿದ್ದಿರೋದನ್ನೇನಾ?"

"ಹೂಂ ಮೇಡಂ. ಮತ್ತೆ?"

"ಮರದಿಂದ ಕುಯ್ದು ತರೋದಲ್ವಾ?"

ಅವಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ತೊಟ್ಟಿಲಿನಿಂದ ಮಗು ಎತ್ತಿ ಬಿಸಾಡು ಎಂದವಳನ್ನು ನೋಡುವ ಹಾಗೆ. "ಹರಳು ಕುಯ್ಯಾದಾ? ಯಾರಾದ್ರೂ ಹರಳು ಕುಯ್ತಾರಾ ಮೇಡಂ?"

ಯಾವ ಮನೆಯಲ್ಲೂ ಯಾರೂ ಕುಯ್ಯುವುದಿಲ್ಲ. ಅದು ಆ ಮಕ್ಕಳಿಗೆ ಎಷ್ಟು ಸಹಜವೆಂದರೆ, ಒಬ್ಬರಿಗೂ ಹೇಳಬೇಕೆನಿಸಿರಲಿಲ್ಲ. ಮೈಸೂರಿನವಳಾದ ನನಗೆ ಕೇಳಬೇಕೆನಿಸಿರಲಿಲ್ಲ. ಉದುರಿದ ಹರಳು ಬತ್ತುತ್ತದೆ, ನುಸಿ ಅದನ್ನು ಬಿಟ್ಟು ಹೋಗುತ್ತದೆ. ತಿಂಗಳುಗಟ್ಟಲೆ ನಾವು ಒಕ್ಕಲೆದ್ದ ಮನೆಯ ಬಾಗಿಲು ತಟ್ಟಿದ್ದೆವು.

ಮನೆಯ ಯಜಮಾನಿ ಶಶಿಕಲಾಳ ಅಜ್ಜಿ ಗೌರಮ್ಮ. ಹಣೆಗೆ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಜಗುಲಿಯ ಮೇಲೆ ಕೂತು ನನ್ನ ಮಾತನ್ನೆಲ್ಲ ಕೇಳಿದರು. ಶಶಿಯ ಅಪ್ಪ ಕಂಬಕ್ಕೊರಗಿ ನಿಂತಿದ್ದವರು ಮೊದಲೇ ತಲೆಯಾಡಿಸಿಬಿಟ್ಟರು. "ಆಗಾಕಿಲ್ಲ ಮೇಡಮ್ಮೋರೆ. ಇರೋ ಬರೋದೆಲ್ಲ ಉದುರ್ತಾ ಕುಂತದೆ. ನಿಂತಿರೋದನ್ನೂ ಕುಯ್ಯಿ ಅಂದ್ರೆ ಹೆಂಗೆ?"

ಅಜ್ಜಿ ನನ್ನನ್ನು ಕೇಳಿದರು: "ಕುಯ್ದ್ರೆ ರೋಗ ವಾಸಿಯಾಯ್ತದಾ?"

"ಇಲ್ಲಜ್ಜಿ. ರೋಗ ಹೆಂಗಿದೆ ಅಂತ ಗೊತ್ತಾಗ್ತದೆ, ಅಷ್ಟೇ."

ಸುಳ್ಳು ಹೇಳಬಹುದಿತ್ತು. ಅಜ್ಜಿ ಎದ್ದು ಎಲೆಯಡಿಕೆ ಉಗಿದು ಬಂದರು.

"ಹೆತ್ತ ಮಕ್ಳು ಕೈಬಿಟ್ರೂ ನೆಟ್ಟ ತೆಂಗು ಕೈಬಿಡಾಕಿಲ್ಲ ಅಂತೀವಿ. ಈಗ ತೆಂಗಿಗೇ ಕಾಯ್ಲೆ ಬಂದದೆ. ನಾವು ಕೈಬಿಡಾದಾ? ಏನಂತ ನೋಡ್ಲಿ ಬುಡ್ಲಾ ಮಗಾ." ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಕದ್ದು ಕುಯ್ದಂಗೆ ಕುಯ್ಯಂಗಿಲ್ಲ ಕಣವ್ವ. ಕೇಳಿ ಕುಯ್ಬೇಕು" ಎಂದರು.

ಬಚ್ಚಲ ನೀರು ಹರಿಯುವ ಕಡೆಗಿದ್ದ ಮರ, ಅವರು ಮದುವೆಯಾಗಿ ಬಂದ ವರ್ಷ ನೆಟ್ಟದ್ದಂತೆ. ಬುಡಕ್ಕೆ ತಾವೇ ಒಂದು ಬಿಂದಿಗೆ ನೀರು ಹುಯ್ದರು. ಕಾಂಡಕ್ಕೆ ಅಂಗೈ ಒತ್ತಿ, "ಬೇಜಾರು ಮಾಡ್ಕಬ್ಯಾಡ ತಾಯಿ, ನಿನ್ ಒಳ್ಳೇದಕ್ಕೇಯ" ಎಂದರು. ನನಗೂ ಶಶಿಗೂ ಹಾಗೇ ಮಾಡಲು ಹೇಳಿದರು. ಮಾಡಿದೆವು. ಅಪ್ಪ ಗೊಣಗುತ್ತ ಮರ ಹತ್ತಿ, ಗೊನೆಗೊಂದರಂತೆ ಹರಳು ಕುಯ್ದು ಪಂಚೆಯಲ್ಲಿ ಕಟ್ಟಿಕೊಂಡು ಇಳಿದರು.

ಉಣ್ಣದೆ ಹೋಗುವ ಹಾಗಿಲ್ಲ ಎಂದರು ಅಜ್ಜಿ. ಮುದ್ದೆ, ಹುರುಳಿಕಾಳಿನ ಸಾರು. ಎದುರಿಗೆ ಕೂತು ಕೇಳಿದರು: "ಒಬ್ಳೇ ಇದೀಯಂತೆ. ಹೆಂಗಿರ್ತೀಯವ್ವ?"

ಎಲ್ಲರೂ ನನ್ನನ್ನು ಯಾಕೆ ಒಬ್ಬಳೇ ಎಂದು ಕೇಳಿದವರೇ. ಹೇಗೆ ಎಂದು ಕೇಳಿದವರು ಅವರೊಬ್ಬರು. "ಇದೀನಜ್ಜಿ" ಎಂದೆ. ಅವರು ಇನ್ನೊಂದು ಸೌಟು ಸಾರು ಬಿಟ್ಟರು.

ಅವತ್ತೇ ಸಂಜೆಯ ಬೆಳಕಿರುವಾಗ ನಾನೂ ಶಶಿಯೂ ಲ್ಯಾಬಿಗೆ ಬಂದೆವು. ತೊಟ್ಟು ಬಿಡಿಸಿ ಅವಳೇ ಇಟ್ಟಳು, ಅವಳೇ ಮೊದಲು ಬಗ್ಗಿದಳು. ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಎತ್ತದೆಯೇ ಹೇಳಿದಳು: "ಓಡಾಡ್ತಾ ಅವೆ ಮೇಡಂ."

ದೀಪಾವಳಿ ಕಳೆದ ಮೇಲೆ ಅಧ್ಯಕ್ಷರು ಬಂದರು. ಅಷ್ಟರಲ್ಲಿ ಜಾರಿಕೊಂಡಿದ್ದ ಹುಡುಗರೆಲ್ಲ ವಾಪಸಾಗಿದ್ದರು. ಶಶಿ ತನ್ನ ಅಜ್ಜಿಯ ಕತೆ ಹೇಳಿದ ಮೇಲೆ ಒಂದೊಂದೇ ಮನೆ ಒಪ್ಪಿತ್ತು, ನೀರು ಹುಯ್ದು ಕೇಳಿ ಕುಯ್ಯುವುದಾದರೆ ಆಗಬಹುದೆಂದು. ಅಧ್ಯಕ್ಷರೂ ತೋಟದವರೇ. ಮೈಕ್ರೋಸ್ಕೋಪಿನ ಮೇಲೆ ಬಗ್ಗಿದವರು, "ಥೂ, ಇಷ್ಟೇನೇನ್ಲಾ ಇದು? ಇದಕ್ಕಾ ನಾವು ಹೆದರ್ಕಂಡಿರೋದು?" ಎಂದರು. ಎದ್ದು, ಮತ್ತೆ ಬಗ್ಗಿದರು. ಯಾವ ಗೊನೆಯಲ್ಲಿ ಹೆಚ್ಚು, ಯಾವ ತೋಟದಲ್ಲಿ ಕಮ್ಮಿ ಎಂದು ಹುಡುಗರು ನಾಮುಂದು ತಾಮುಂದು ಎಂದು ಹೇಳತೊಡಗಿದರು. ಅವರಿಗೂ ಅಧ್ಯಕ್ಷರಿಗೂ ವಾದವೇ ಹತ್ತಿಕೊಂಡಿತು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ, ಹುಬ್ಬೇರಿಸಿ, ಕನ್ನಡಕ ಒರೆಸಿಕೊಂಡರು. ಕಂಪ್ಯೂಟರ್‌ನವರಿಗೆ ಬೇರೆ ಕೋಣೆ ಸಿಕ್ಕಿತು. ನಾನು ಸಿಂಕಿನ ಹತ್ತಿರ ನಿಂತಿದ್ದೆ. ಆ ಗುಂಪಿನಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ನನಗೆ ಬೇಕಿದ್ದದ್ದು ಅದೇ ತಾನೇ. ಆದರೂ ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆದುಕೊಂಡೆ.

ಬೇಸಿಗೆಗೆ ಮುಂಚೆ ರಜೆಯ ಮೇಲಿದ್ದ ಮೇಷ್ಟ್ರು ಪಿಎಚ್.ಡಿ ಮುಗಿಸಿ ಬಂದರು. ಒಳ್ಳೆಯ ಮನುಷ್ಯ. ಲ್ಯಾಬನ್ನು ಒಂದು ಸುತ್ತು ನೋಡಿ, "ಪರವಾಗಿಲ್ವೇ, ಚೆನ್ನಾಗಿ ಮಾಡ್ಸಿದಾರೆ" ಎಂದರು. ಮಾಡಿಸಿದವಳು ಎದುರಿಗೇ ನಿಂತಿದ್ದಾಳೆಂದು ಅವರಿಗೆ ಹೊಳೆಯಲಿಲ್ಲ. ನನ್ನ ಚೀಲ ನೇತುಹಾಕುತ್ತಿದ್ದ ಮೊಳೆಗೆ ತಮ್ಮ ಚೀಲ ಹಾಕಿದರು. ಕೋಣೆ ಉಳಿದಿತ್ತು, ನಾನು ಉಳಿಯುವ ಹಾಗಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಶಶಿ ಬಂದಿದ್ದಳು. "ನೀವಿಲ್ದೆ ಹೆಂಗೆ ಮೇಡಂ?" ಎಂದಳು. ಈಗಾಗಲೇ ನಾನಿಲ್ಲದೆಯೇ ನಡೆಯುತ್ತಿದೆ ಎನ್ನಲು ಹೊರಟವಳು, ಅವಳ ಮುಖ ನೋಡಿ ಬಸ್ಸು ಹತ್ತಿದೆ.

ಇಷ್ಟು ವರ್ಷಗಳಾದ ಮೇಲೆ, ಅದೇ ಕಡಪ ಕಲ್ಲಿನ ಮುಂದೆ ಈಗ ನಾನು ಪರೀಕ್ಷಕಿಯ ಕುರ್ಚಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಆ ಕಾಲೇಜಿನ ಹೊಸ ಮೇಷ್ಟ್ರು, ಚಿಕ್ಕ ವಯಸ್ಸಿನವರು. ಎದುರಿಗೆ ಮೌಖಿಕ ಪರೀಕ್ಷೆಗೆ ಬಂದ ಹುಡುಗಿ, ಚಿಕ್ಕನಾಯಕನಹಳ್ಳಿ ಕಡೆಯವಳು. ಮೇಜಿನ ಮೇಲೆ ಒಂದು ಬಾಟಲಿಯಲ್ಲಿ ಹರಳುಗಳಿದ್ದವು. ತೋರಿಸಿ ಕೇಳಿದೆ: "ಇದನ್ನ ಹೇಗೆ ಸಂಗ್ರಹಿಸ್ತೀರಿ?"

"ಉದುರಿದ್ದು ತಗಬಾರ್ದು ಮೇಡಂ. ಅದನ್ನ ನುಸಿ ಬಿಟ್ಟೋಗಿರ್ತದೆ. ಮರದಿಂದಾನೇ ಕುಯ್ಬೇಕು."

"ಸರಿ. ಕುಯ್ಯೋ ಕ್ರಮ?"

"ಮೊದ್ಲು ಬುಡಕ್ಕೆ ಒಂದು ಬಿಂದಿಗೆ ನೀರು ಹುಯ್ಬೇಕು. ಆಮೇಲೆ ಮರ ಮುಟ್ಟಿ ಕೇಳ್ಬೇಕು. ಆಮೇಲೆ ಗೊನೆಗೊಂದರಂತೆ..."

ಹೊಸ ಮೇಷ್ಟ್ರು ಮುಜುಗರದಿಂದ ನಕ್ಕರು. "ಅದೇನೋ ರೂಢಿ ಮಾಡ್ಕೊಂಡಿದಾರೆ ಮೇಡಂ. ಪುಸ್ತಕದಲ್ಲಿಲ್ಲ. ಮಾರ್ಕ್ಸ್ ಕಟ್ ಮಾಡ್ಬೇಡಿ."

"ನೀರು ಯಾಕಮ್ಮ?" ಎಂದೆ.

ಹುಡುಗಿ ಯೋಚಿಸಿದಳು. "ಗೊತ್ತಿಲ್ಲ ಮೇಡಂ. ನಮ್ ಲ್ಯಾಬಲ್ಲಿ ಹಂಗೇ ಮಾಡಾದು."

"ಯಾರು ಶುರು ಮಾಡಿದ್ದು?"

"ಯಾರೂ ಶುರು ಮಾಡಿಲ್ಲ ಮೇಡಂ. ಮೊದ್ಲಿಂದ್ಲೂ ಹಂಗೇ."

ಏನೋ ಹೇಳಲೆಂದು ಬಾಯಿ ತೆರೆದೆ. ಆ ಸೋಮವಾರಗಳ ಹಾಗೆ ದನಿ ಹೊರಡಲಿಲ್ಲ. ಹುಡುಗಿ ತಪ್ಪು ಹೇಳಿದೆನೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದೆರಡು ಸಲ ಕೆಮ್ಮಿ, ಸರಿಮಾಡಿಕೊಂಡು, "ಸರಿಯಾಗಿದೆ, ಹೋಗಮ್ಮ" ಎಂದೆ. ಆಮೇಲೆ ಮುಂದಿನ ನಂಬರು ಕರೆದೆ.